ಗೊತ್ತಿಲ್ಲ ಎನ್ನದ ಯಂತ್ರ

ವ್ಯಾಪಾರಕ್ಕೆ ನಾಲೆಡ್ಜ್ ಸಿಸ್ಟಮ್ ಎಂಬ ಕಂಪ್ಯೂಟರ್ ಪ್ರೋಗ್ರಾಮು ಎಷ್ಟು ಉಪಕಾರಿ ಎಂದು ಯಾರಾದರೂ ಭಾಷಣ ಶುರು ಮಾಡಿದರೆ ನನಗೆ ಮೈ ಉರಿಯುತ್ತದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಇಂದಿರಾನಗರದ ನೂರಡಿ ರಸ್ತೆಯ ಹೋಟೆಲುಗಳಲ್ಲಿ ಇಂಥ ಭಾಷಣಗಳಿಗೆ ಬರವೇ ಇಲ್ಲ. ಟೈ ಕಟ್ಟಿದವನೊಬ್ಬ ಗೋಡೆಯ ಮೇಲೆ ಬಾಣಗಳ ಚಿತ್ರ ಬಿಡುತ್ತಾನೆ. ನಾವು ಪುಕ್ಕಟೆ ಊಟದ ಆಸೆಗೆ ತಲೆಯಾಡಿಸುತ್ತ ಕೂರುತ್ತೇವೆ. ಹಾಗೆ ಕೂತಿದ್ದಾಗ ಒಮ್ಮೆ ಕೈಯೆತ್ತಿ ಕೇಳಿದೆ: "ನಿಮ್ಮ ಸಿಸ್ಟಮ್‌ಗೆ ಗೊತ್ತಿಲ್ಲ ಅಂತ ಹೇಳೋಕೆ ಬರುತ್ತಾ?"

ಆತ ನಕ್ಕ. "ಮೇಡಂ, ಅಂಥ ಪರಿಸ್ಥಿತಿನೇ ಬರಲ್ಲ. ಎಲ್ಲಾ ಪ್ರಶ್ನೆಗೂ ಆನ್ಸರ್ ಇರುತ್ತೆ."

ಊಟಕ್ಕೆ ನಿಲ್ಲದೆ ಎದ್ದು ಬಂದೆ. ಪನೀರಿನ ವಾಸನೆ ಬಾಗಿಲ ತನಕ ಬಂದಿತ್ತು, ಆದರೂ ಬಂದೆ. ಎಲ್ಲಕ್ಕೂ ಉತ್ತರವಿರುವ ಯಂತ್ರವೊಂದರ ಮುಂದೆ ನಾನು ಒಂದು ಕಾಲದಲ್ಲಿ ಕೂತು ಕೆಲಸ ಮಾಡಿದ್ದೇನೆ. ಅದು ಏನು ಮಾಡಿತು ಎಂಬುದನ್ನು ಆ ಟೈ ಕಟ್ಟಿದವನಿಗೆ ಹೇಳುವಷ್ಟು ತಾಳ್ಮೆ ಅಂದು ಇರಲಿಲ್ಲ. ಇಲ್ಲಿ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ರಾಣೆಬೆನ್ನೂರಿನಿಂದ ಬಂದ ನಾನು ಕೋಲ್ಡ್ ರೂಮುಗಳನ್ನು ಕೂರಿಸಿ ರಿಪೇರಿ ಮಾಡಿಕೊಡುವ ಒಂದು ಕಂಪನಿಯಲ್ಲಿ ದೂರು ಕೇಳುವ ಕೆಲಸಕ್ಕೆ ಸೇರಿದ್ದೆ. ಆಫೀಸು ಇಂದಿರಾನಗರದ ಒಂದು ಹಳೆಯ ಬಂಗಲೆ. ಯಾರೋ ರಿಟೈರಾದ ಮಿಲಿಟರಿಯವರು ಕಟ್ಟಿಸಿದ್ದ ಆ ಮನೆಯ ಊಟದ ಹಾಲಿನಲ್ಲಿ ನನ್ನ ಮೇಜು, ಮೇಜಿನ ಮೇಲೆ ಫೋನು, ನನ್ನ ಬೆನ್ನ ಹಿಂದೆ ಕೈತೊಳೆಯುವ ಬೇಸಿನ್ನು. ಊಟದ ಹೊತ್ತಿಗೆ ಎಲ್ಲರೂ ನನ್ನ ಹಿಂದೆ ಬಂದು ಬಾಯಿ ಮುಕ್ಕಳಿಸುತ್ತಿದ್ದರು. ಶಿವಾಜಿನಗರದ ಮಾಂಸದಂಗಡಿಯವರು, ಹಲಸೂರಿನ ಹಾಲಿನ ಡಿಪೋದವರು, ಕೆ.ಆರ್. ಪುರದ ಕಡೆಯ ಹೂವಿನ ವ್ಯಾಪಾರಿಗಳು, ಎಲ್ಲರ ಬೈಗುಳವೂ ಮೊದಲು ನನ್ನ ಕಿವಿಗೇ ಬೀಳಬೇಕು. ಕನ್ನಡ, ತಮಿಳು, ದಖನಿ ಉರ್ದು, ಮೂರರಲ್ಲೂ ಬೈಸಿಕೊಳ್ಳುವುದನ್ನು ಕೆಲವೇ ತಿಂಗಳಲ್ಲಿ ಕಲಿತೆ.

ಆ ಕಂಪನಿಗೆ ಒಂದು ರೋಗವಿತ್ತು. ಮಾಲೀಕರ ಎದುರು ಯಾರೂ "ಗೊತ್ತಿಲ್ಲ" ಎನ್ನುವ ಹಾಗಿರಲಿಲ್ಲ. ಅವರನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಯಾರಾದರೂ ಬಾಯಿತಪ್ಪಿ ಗೊತ್ತಿಲ್ಲ ಎಂದರೆ, "ಗೊತ್ತಿಲ್ಲ ಅನ್ನೋಕೆ ನಿಂಗ್ಯಾಕೆ ಸಂಬಳ? ಬೀದೀಲಿ ಹೋಗೋನನ್ನ ಕೇಳಿದ್ರೂ ಅದನ್ನೇ ಹೇಳ್ತಾನೆ" ಎಂದು ಎಲ್ಲರ ಮುಂದೆ ಕೂಗಾಡುತ್ತಿದ್ದರು. ಹೀಗಾಗಿ ಮ್ಯಾನೇಜರರಿಂದ ಹಿಡಿದು ಡ್ರೈವರನ ತನಕ ಪ್ರತಿಯೊಬ್ಬರ ಬಳಿಯೂ ಪ್ರತಿಯೊಂದಕ್ಕೂ ಉತ್ತರ ಸಿದ್ಧವಿರುತ್ತಿತ್ತು. ಸಂಜೆ ಮಳೆ ಬರುತ್ತಾ ಎಂದು ಸಾಹೇಬರು ಕೇಳಿದರೆ, "ನಾಲ್ಕು ಗಂಟೆಗೆ ಬರುತ್ತೆ ಸಾರ್" ಎಂದು ಹೇಳುವ ಗಂಡಸರು ಅಲ್ಲಿದ್ದರು. ಬರದಿದ್ದರೆ ಮಳೆಯದೇ ತಪ್ಪು.

ನಾನಿದ್ದದ್ದು ಲಿಂಗರಾಜಪುರದಲ್ಲಿ, ಒಂದು ಕೇಕಿನ ಅಂಗಡಿಯ ಮೇಲಿನ ಕೋಣೆಯಲ್ಲಿ. ಆ ಕೋಣೆ ಸಿಕ್ಕಿದ್ದೂ ಫೋನಿನಿಂದಲೇ. ಅಂಗಡಿಯ ಹೆಂಗಸು ನಮ್ಮ ಕಂಪನಿಯ ಗಿರಾಕಿ. ಯಾವುದೋ ದೂರು ಹೇಳಲು ಫೋನ್ ಮಾಡಿದವರು, ನನ್ನ ಮಾತಿನ ಧಾಟಿ ಕೇಳಿ, "ಯಾವೂರಮ್ಮ ನಿಂದು? ಎಲ್ಲಿದೀಯ? ಪೀಜಿನಾ? ಅಯ್ಯೋ, ನಮ್ಮ ಮೇಲ್ಗಡೆ ರೂಮ್ ಖಾಲಿ ಬಿದ್ದೈತೆ, ಬಂದ್ಬಿಡು" ಎಂದಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಕೆ.ಆರ್. ಪುರದ ಆಚೆಗಿನ, ಈಗ ಊರೊಳಗೆ ಕರಗಿಹೋದ ಒಂದು ಹಳ್ಳಿಯ ಬೌದ್ಧ ಕುಟುಂಬ ಅವರದು. ಓವನ್ನಿನ ಮೇಲಿನ ಗೋಡೆಯಲ್ಲಿ ಬುದ್ಧನ ಪಟ, ಅದಕ್ಕೊಂದು ಪುಟ್ಟ ನೀಲಿ ಬಲ್ಬು. ಮದುವೆಯಾಗದ ಅಕ್ಕ ಫ್ರೇಜರ್ ಟೌನಿನ ಬೇಕರಿಯೊಂದರಲ್ಲಿ ವರ್ಷಗಟ್ಟಲೆ ಬೇರೆಯವರ ಕೇಕಿಗೆ ಕ್ರೀಮಿನ ಗುಲಾಬಿ ಬಿಡಿಸಿ, ಕೊನೆಗೆ ಧೈರ್ಯ ಮಾಡಿ ತಮ್ಮದೇ ಅಂಗಡಿ ಹಾಕಿದ್ದರು.

ಮನೆ ಮಾತ್ರ ಅಣ್ಣಂದಿರ ಹೆಸರಿನಲ್ಲಿತ್ತು. ಅಂಗಡಿ ಇದ್ದ ಮುಂಭಾಗದ ಮಳಿಗೆಯನ್ನು ಎಸ್‌ಟಿಡಿ ಬೂತಿಗೆ ಕೊಡಬೇಕೆಂದು ಅವರು ಕುಣಿಯುತ್ತಿದ್ದರು. ಅಕ್ಕ ಜಗಳವಾಡಿ ಒಂದು ವಾಯಿದೆ ಪಡೆದಿದ್ದರು: ಕ್ರಿಸ್‌ಮಸ್ ಕಳೆದ ಮೇಲೆ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನ ಕಡೆ, ಶುರುವಾಗುವ ಮದುವೆಗಳ ಸೀಸನ್ ಮುಗಿಯುವಷ್ಟರಲ್ಲಿ ಅಂಗಡಿ ಕಾಲ ಮೇಲೆ ನಿಲ್ಲಬೇಕು, ಇಲ್ಲದಿದ್ದರೆ ಬೀಗದ ಕೈ ಅಣ್ಣಂದಿರಿಗೆ. "ನಿಂತ್ಕೋತೀನಿ ನೋಡು" ಎಂದು ನನಗೆ ಮುರಿದ ಕೇಕಿನ ಚೂರು ಕೊಡುತ್ತ ಹೇಳುತ್ತಿದ್ದರು. ಕ್ರೀಮು ಹಾಕಿದ ಕೇಕು, ಪೇಸ್ಟ್ರಿ, ಪುಡ್ಡಿಂಗು ಎಲ್ಲಕ್ಕೂ ಆಧಾರ ಹಿಂದಿನ ಪುಟ್ಟ ಕೋಲ್ಡ್ ರೂಮು. ಅದು ತಣ್ಣಗಿದ್ದರೆ ಅಕ್ಕನ ಅಂಗಡಿ ಇದೆ, ಇಲ್ಲದಿದ್ದರೆ ಇಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಆಫೀಸಿಗೆ ಜ್ಞಾನ ಬಂತು. ಸಾಹೇಬರು ಯಾವುದೋ ವಿಮಾನದಲ್ಲಿ ಯಾವುದೋ ಮ್ಯಾಗಜೀನು ಓದಿ, ಎಕ್ಸ್‌ಪರ್ಟ್ ಸಿಸ್ಟಮ್ ಮಾಡಿಕೊಡುವ ಒಬ್ಬ ಸಲಹೆಗಾರನನ್ನು ಹಿಡಿದು ತಂದಿದ್ದರು. ನಿಪುಣರ ತಲೆಯಲ್ಲಿರುವುದನ್ನೆಲ್ಲ ಕಂಪ್ಯೂಟರಿಗೆ ತುಂಬಿದರೆ, ಅದೇ ನಿಪುಣನಾಗುತ್ತದಂತೆ. ತುಂಬಿಸಲು ಮಾತ್ರ ಸಾಹೇಬರು ಕಳಿಸಿದ್ದು ಮ್ಯಾನೇಜರನ್ನು. ಆ ಮಹಾನುಭಾವ ಸ್ಪ್ಯಾನರು ಮುಟ್ಟಿ ಎಷ್ಟೋ ವರ್ಷಗಳಾಗಿದ್ದವು. ಇಬ್ಬರೂ ಬಾಗಿಲು ಹಾಕಿಕೊಂಡು, ಚಹಾ ತರಿಸಿಕೊಂಡು, ಎರಡು ತಿಂಗಳು ಜ್ಞಾನ ಸಂಗ್ರಹಿಸಿದರು. ಆಯುಧ ಪೂಜೆಯ ದಿನ ಮಾನಿಟರಿಗೆ ಕುಂಕುಮ ಹಚ್ಚಿ, ಕೀಬೋರ್ಡಿನ ಪಕ್ಕ ನಿಂಬೆಹಣ್ಣು ಕತ್ತರಿಸಿ, ಯಂತ್ರವನ್ನು ನನ್ನ ಮೇಜಿನ ಮೇಲೆ ಇಟ್ಟರು.

ನ್ಯಾಯವಾಗಿ ಹೇಳಬೇಕೆಂದರೆ, ಮೊದಲ ಕೆಲವು ದಿನ ಅದು ಚೆನ್ನಾಗಿಯೇ ಇತ್ತು. ಗಿರಾಕಿ ಫೋನ್ ಮಾಡಿದರೆ ಏನೇನು ಕೇಳಬೇಕು ಎಂದು ಒಂದೊಂದಾಗಿ ತೋರಿಸುತ್ತಿತ್ತು. ಬಾಗಿಲು ಸರಿಯಾಗಿ ಮುಚ್ಚುತ್ತಿದೆಯೇ? ಒಳಗೆ ಮಂಜು ಕಟ್ಟಿದೆಯೇ? ಮೆಷಿನ್ ಸದ್ದು ಮಾಡುತ್ತಿದೆಯೇ? ನನ್ನಂಥ ಹೊಸಬಳಿಗೆ ಒಂದು ಪ್ರಶ್ನೆಯೂ ಮರೆತುಹೋಗುತ್ತಿರಲಿಲ್ಲ. ಅರ್ಧ ದೂರುಗಳು ಸ್ವಿಚ್ಚು ಹಾಕಿಸುವುದರಲ್ಲೇ ಮುಗಿಯುತ್ತಿದ್ದವು. ಎಲ್ಲ ಕೇಳಿಯೂ ಕಾರಣ ತಿಳಿಯದಿದ್ದರೆ, ತೆರೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡುತ್ತಿತ್ತು: ಗೊತ್ತಿಲ್ಲ, ಹೋಗಿ ನೋಡಿ. ಆ ಇಡೀ ಬಂಗಲೆಯಲ್ಲಿ ನಾನು ಕಂಡ ಮೊದಲ ಪ್ರಾಮಾಣಿಕ ಮಾತು ಅದು. ಆಗ ಮೆಕ್ಯಾನಿಕ್ ಹೋಗಿ, ಸುತ್ತ ಕಣ್ಣಾಡಿಸಿ, ತಿಳಿದದ್ದು ಮಾಡಿ ಬರುತ್ತಿದ್ದ. ಸಲಹೆಗಾರ ಕೂಡ ನನ್ನೊಡನೆ, "ಆ ಲೈನೇ ಮುಖ್ಯ ಮೇಡಂ, ಎಲ್ಲಿ ನಿಲ್ಲಿಸ್ಬೇಕು ಅಂತ ಸಿಸ್ಟಮ್‌ಗೆ ಗೊತ್ತಿರ್ಬೇಕು" ಎಂದು ಬೀಗಿದ್ದ.

ಒಂದು ಬೆಳಿಗ್ಗೆ ಸಾಹೇಬರೇ ಬಂದು ನನ್ನ ಕುರ್ಚಿಯಲ್ಲಿ ಕೂತು ಯಾವುದೋ ದೂರನ್ನು ಒತ್ತಿದರು. ಯಂತ್ರ ಯೋಚಿಸಿ, ಗೊತ್ತಿಲ್ಲ ಎಂದಿತು. ಮ್ಯಾನೇಜರ್ ಮೆಲ್ಲಗೆ ಬೇಸಿನ್ನಿನ ಕಡೆ ಸರಿದು ಕೈ ತೊಳೆಯತೊಡಗಿದರು.

"ಏನ್ರೀ ಇದು?" ಎಂದರು ಸಾಹೇಬರು ಸಲಹೆಗಾರನಿಗೆ. "ಗೊತ್ತಿಲ್ಲ ಅನ್ನೋಕೆ ನನಗೆ ಕಂಪ್ಯೂಟರ್ ಬೇಕಾ?"

"ಸಾರ್, ಅದು ಬೇಕು ಅಂತಲೇ ಇಟ್ಟಿರೋದು ಸಾರ್..."

"ತೆಗೀರಿ."

ನನ್ನೊಡನೆ ಬೀಗಿದ್ದ ಆ ಗಂಡಸು ಎರಡನೆಯ ಮಾತಾಡದೆ ತೆಗೆದ. ಒಂದು ಲೋಟ ಚಹಾ ಆರುವಷ್ಟರಲ್ಲಿ ಯಂತ್ರವೂ ನಮ್ಮ ಕಂಪನಿಯವರಲ್ಲಿ ಒಂದಾಯಿತು. ಇನ್ನು ಮೇಲೆ ಕಾರಣ ತಿಳಿಯದಿದ್ದರೆ, ಅಂಥ ದೂರಿಗೆ ಹಿಂದೆ ಹೆಚ್ಚು ಸಲ ಯಾವ ರಿಪೇರಿ ಫಲಿಸಿತ್ತೋ ಅದನ್ನೇ ಉತ್ತರವೆಂದು ಹೇಳಬೇಕು. ಫಲಿಸಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅದಕ್ಕೂ ಉಪಾಯ ಸಿದ್ಧವಿತ್ತು. ರಿಪೇರಿಯಾಗಿ ಒಂದು ತಿಂಗಳು ಆ ಗಿರಾಕಿ ಮತ್ತೆ ಫೋನ್ ಮಾಡದಿದ್ದರೆ ಅವರ ಮೆಷಿನ್ನು ಗುಣವಾಯಿತು ಎಂದರ್ಥ. ಆಗ ಗಿರಾಕಿಯ ಹೆಸರಿನ ಮುಂದೆ ಹಸಿರು ಚುಕ್ಕೆ ಬೀಳುತ್ತದೆ, ಆ ರಿಪೇರಿಯ ಮೇಲೆ ಸಿಸ್ಟಮ್ಮಿನ ನಂಬಿಕೆ ಹೆಚ್ಚುತ್ತದೆ. ಹೀಗೆ ಅದು ತಾನಾಗಿಯೇ ಕಲಿಯುತ್ತ ಹೋಗುತ್ತದಂತೆ.

"ಅವ್ರ ಫೋನೇ ಕೆಟ್ಟಿದ್ರೆ?" ಎಂದೆ. ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ನಕ್ಕರೆ ಪ್ರಶ್ನೆ ತೀರಿತು ಎಂಬುದು ಆಫೀಸುಗಳ ಇನ್ನೊಂದು ನಂಬಿಕೆ.

ಅದರ ಜೊತೆಗೆ ಮೆಕ್ಯಾನಿಕ್‌ಗಳಿಗೆ ಒಂದು ಆಜ್ಞೆ ಹೊರಟಿತು. ಯಂತ್ರದಿಂದ ಬಂದ ಚೀಟಿಯಲ್ಲಿ ಏನಿದೆಯೋ ಅಷ್ಟನ್ನು ಮಾಡಬೇಕು. ಗಿರಾಕಿಯ ಹತ್ತಿರ ಮೆಷಿನ್ನಿನ ಬಗ್ಗೆ ಸ್ವಂತ ಅಭಿಪ್ರಾಯ ಹೇಳಕೂಡದು, ಒಬ್ಬೊಬ್ಬರು ಒಂದೊಂದು ಹೇಳಿದರೆ ಕಂಪನಿಯ ಮರ್ಯಾದೆ ಹೋಗುತ್ತದೆ. ಹೀಗೆ ಕಣ್ಣಿದ್ದವರ ಬಾಯಿಗೆ ಬೀಗ ಹಾಕಿ, ಕಣ್ಣಿಲ್ಲದ್ದಕ್ಕೆ ಬಾಯಿ ಕೊಟ್ಟದ್ದಾಯಿತು. ಇದನ್ನು ಅವರು ಪ್ರಗತಿ ಎಂದು ಕರೆದರು, ಬೋರ್ಡಿನಲ್ಲೂ ಬರೆದು ಹಾಕಿದರು.

ಅದೇ ಸುಮಾರಿಗೆ ಅಕ್ಕನ ಫೋನು ಬಂತು. ಕೋಲ್ಡ್ ರೂಮ್ ಸರಿಯಾಗಿ ತಣ್ಣಗಾಗುತ್ತಿಲ್ಲ. ನಾನು ಪ್ರಶ್ನೆಗಳನ್ನೆಲ್ಲ ಕೇಳಿ ಒತ್ತಿದೆ. ಕೂಲಿಂಗ್ ಗ್ಯಾಸ್ ತುಂಬಿಸಿ, ಎಂದಿತು ತೆರೆ. ಮೆಕ್ಯಾನಿಕ್ ಹೋಗಿ ತುಂಬಿಸಿ ಬಂದ. ರೂಮು ತಣ್ಣಗಾಯಿತು. ಒಂದು ತಿಂಗಳು ಕಳೆಯಿತು, ಹಸಿರು ಚುಕ್ಕೆ ಬಿತ್ತು. ಕ್ರಿಸ್‌ಮಸ್‌ಗೆ ಮುಂಚೆ ಮತ್ತೆ ಅದೇ ದೂರು. ಈ ಸಲ ಯಂತ್ರ ಇನ್ನೂ ಗಟ್ಟಿ ದನಿಯಲ್ಲಿ, ಗ್ಯಾಸ್ ತುಂಬಿಸಿ, ಎಂದಿತು. ಮತ್ತೆ ಅದೇ ಮೆಕ್ಯಾನಿಕ್, ಮತ್ತೆ ತಂಪು, ಮತ್ತೆ ಹಸಿರು. ಒಂದು ಸಂಜೆ ಮೆಟ್ಟಿಲ ಹತ್ತಿರ ಅಕ್ಕ ನನ್ನನ್ನು ನಿಲ್ಲಿಸಿ, "ಏನಮ್ಮ, ನಿಮ್ಮ ಗ್ಯಾಸು ನಮ್ಮನೇಲಿ ನಿಲ್ಲೋದೇ ಇಲ್ವಲ್ಲ? ಎಲ್ಲಾದ್ರೂ ಲೀಕ್ ಆಗ್ತೈತಾ?" ಎಂದು ಕೇಳಿದರು. ಮರುದಿನ ಮ್ಯಾನೇಜರ್ ಹತ್ತಿರ ಹೋಗಿ, ಒಮ್ಮೆ ಯಾರಾದರೂ ಪೂರ್ತಿ ನೋಡಿ ಬರಲಿ ಎಂದೆ. ಅವರು ತೆರೆಯ ಕಡೆ ಬೆರಳು ತೋರಿಸಿದರು. "ಗ್ರೀನ್ ಇದೆಯಲ್ಲಮ್ಮ. ಗ್ರೀನ್ ಇರೋ ಕಡೆ ಆಳು ಕಳಿಸಿದ್ರೆ ಸಾಹೇಬ್ರು ನನ್ನ ಬಿಡ್ತಾರಾ?"

ಜನವರಿಯಲ್ಲಿ ಅಕ್ಕ ಕಾಯುತ್ತಿದ್ದ ಆರ್ಡರು ಸಿಕ್ಕಿತು. ಹಲಸೂರಿನ ಕಲ್ಯಾಣ ಮಂಟಪವೊಂದರಲ್ಲಿ ದೊಡ್ಡ ರಿಸೆಪ್ಷನ್. ಮೂರಂತಸ್ತಿನ ಕೇಕು, ಬಂದವರಿಗೆಲ್ಲ ಕ್ರೀಮ್ ಪೇಸ್ಟ್ರಿ. ಮಂಟಪದವರಿಗೆ ಇದು ಹಿಡಿಸಿದರೆ ಸೀಸನ್ನಿನ ಉಳಿದ ಆರ್ಡರುಗಳೂ ಅಕ್ಕನಿಗೇ. ಅಂದರೆ ಅಂಗಡಿ ಉಳಿದಂತೆಯೇ. ರಿಸೆಪ್ಷನ್ನಿನ ಹಿಂದಿನ ದಿನ ಅಕ್ಕ ಊಟವನ್ನೂ ನಿಂತುಕೊಂಡೇ ಮಾಡಿದರು. ರಾತ್ರಿ ಮಲಗುವ ಮುಂಚೆ ಇಣುಕಿದಾಗ ತಟ್ಟೆಗಳ ತುಂಬ ಗುಲಾಬಿಗಳನ್ನು ಬಿಡಿಸಿಟ್ಟಿದ್ದರು. ಒಂದೊಂದು ಎಸಳೂ ಬೇರೆಬೇರೆ.

ಮರುದಿನ ಬೆಳಿಗ್ಗೆ ನಾನು ಆಫೀಸು ಮುಟ್ಟುವ ಹೊತ್ತಿಗೆ ಹಾಲಿನಲ್ಲಿ ಅತಿಥಿಗಳು ತುಂಬಿದ್ದರು. ನಮ್ಮ ಸಿಸ್ಟಮ್ಮಿನ ಕೀರ್ತಿ ಕೇಳಿ ಬೇರೆ ಕಂಪನಿಗಳಿಂದ ನೋಡಲು ಬಂದವರು. ಸಾಹೇಬರು ಹೊಸ ಸೂಟಿನಲ್ಲಿದ್ದರು. ಫೋನು ಬಡಿಯಿತು. "ಲೈವ್ ಕಾಲ್! ನೋಡಿ, ಈಗ ನೋಡಿ" ಎಂದು ಸಾಹೇಬರು ಅತಿಥಿಗಳನ್ನು ನನ್ನ ಮೇಜಿನ ಸುತ್ತ ನಿಲ್ಲಿಸಿದರು. ಆ ಕಡೆ ಅಕ್ಕ.

"ರೂಮು ಬೆಳಗಿಂದ ಬಿಸಿ ಆಗ್ತಾ ಐತಮ್ಮ. ಮೆಷಿನ್ ಆನ್ ಆಗ್ತೈತೆ, ಆಫ್ ಆಗ್ತೈತೆ. ಏನ್ಮಾಡ್ಲಿ ಹೇಳು. ಹಳೇ ಬೇಕರಿ ಓನರ್ ಅವ್ರ ಫ್ರಿಜ್ಜಲ್ಲಿ ಜಾಗ ಕೊಡ್ತೀನಿ ಅಂದವ್ರೆ. ವ್ಯಾನೂ ಐತೆ. ತೆಗೆದು ಕಳಿಸ್ಲಾ?"

ನಾನು ಪ್ರಶ್ನೆಗಳನ್ನು ಒತ್ತಿದೆ. ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ, ಗ್ಯಾಸ್ ತುಂಬಿಸಿ, ಎಂದಿತು. ಪಕ್ಕದಲ್ಲಿ ಅದರ ನಂಬಿಕೆ ಎಷ್ಟೆಂದು ತೋರಿಸುವ ಪಟ್ಟೆ ತುದಿ ಮುಟ್ಟಿತ್ತು. ಅತಿಥಿಗಳಲ್ಲೊಬ್ಬ "ವಾಹ್" ಎಂದ. ಆ ವಾಹ್ ಕೇಳಿದ ಕೂಡಲೇ ನನ್ನ ತಲೆ ಕೆಟ್ಟಿತು.

"ಅಕ್ಕಾ, ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ" ಎಂದೆ. "ಈ ಕಂಪ್ಯೂಟರಿಗೂ ಗೊತ್ತಿಲ್ಲ. ಸುಮ್ನೆ ಎಲ್ಲಾ ತೆಗೆದು ವ್ಯಾನಿಗೆ ಹಾಕ್ರಿ. ಈಗಲೇ ಹಾಕ್ರಿ."

ಸಾಹೇಬರು ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡರು. ಅತಿಥಿಗಳ ಕಡೆ ನಗುತ್ತಲೇ, ಬೆಣ್ಣೆಯಂಥ ದನಿಯಲ್ಲಿ ಮಾತಾಡಿದರು. "ಅಮ್ಮಾ, ನಾನು ಕಂಪನಿ ಓನರ್ ಮಾತಾಡ್ತಿರೋದು. ಆ ಹುಡುಗಿ ಹೊಸಬಳು. ಏನೂ ತೆಗೀಬೇಡಿ, ಬಾಗ್ಲೇ ತೆಗೀಬೇಡಿ, ಇರೋ ತಂಪೂ ಹೋಗ್ಬಿಡುತ್ತೆ. ಪ್ರಾಬ್ಲಮ್ ನಮಗೆ ಗೊತ್ತಾಗಿದೆ. ಮೆಕ್ಯಾನಿಕ್ ಬರ್ತಿದಾನೆ."

ನನ್ನನ್ನು ಫೋನಿನಿಂದ ಎಬ್ಬಿಸಿ, ಒಳಗಿನ ಕೋಣೆಯಲ್ಲಿ ಅತಿಥಿಗಳಿಗೆ ಕೊಡುವ ಫೈಲುಗಳನ್ನು ಜೋಡಿಸಲು ಕೂರಿಸಿದರು. ಊಟದ ಹೊತ್ತಿಗೆ ತಪ್ಪಿಸಿಕೊಂಡು ಮೂಲೆಯ ಬೂತಿನಿಂದ ಅಕ್ಕನಿಗೆ ಫೋನ್ ಮಾಡಿದೆ. ಮೆಕ್ಯಾನಿಕ್ ಇನ್ನೂ ಬಂದಿರಲಿಲ್ಲ. "ಕಳಿಸ್ಬಿಡ್ರಿ ಅಕ್ಕಾ, ನನ್ನ ಮಾತು ಕೇಳ್ರಿ" ಎಂದೆ. "ಇಲ್ಲಮ್ಮ, ಓನರೇ ಹೇಳವ್ರಲ್ಲ. ದೊಡ್ಡೋರು, ಗೊತ್ತಿಲ್ದೆ ಹೇಳ್ತಾರಾ?" ಎಂದರು. ಆಫೀಸಿಗೆ ವಾಪಸು ಹೋಗದೆ ಆಟೋ ಹಿಡಿದೆ.

ನಾನು ಹೋದಾಗ ಮೆಕ್ಯಾನಿಕ್ ಆಗತಾನೆ ಬಂದಿದ್ದ. ಅಂಗಡಿಯ ಹಿಂದಿನ ಇಕ್ಕಟ್ಟಾದ ಓಣಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಕೋಲ್ಡ್ ರೂಮಿನ ಮೆಷಿನ್ ಇರುವುದು ಅಲ್ಲಿ. ಒಳಗಿನ ಬಿಸಿಯನ್ನು ಹೊರಗೆ ಊದುವ ದೊಡ್ಡ ಜಾಲರಿ ಅದರ ಮುಖಕ್ಕೆ. ಆ ಜಾಲರಿಗೆ ಅಂಟಿಕೊಂಡು ಮೈದಾ ಮೂಟೆಗಳು ಆಳೆತ್ತರಕ್ಕೆ ನಿಂತಿದ್ದವು. ಹಬ್ಬಕ್ಕೆ, ಸೀಸನ್ನಿಗೆ ಎಂದು ಅಕ್ಕ ಆಗಾಗ ತರಿಸುತ್ತಿದ್ದದ್ದು, ಬೇರೆಲ್ಲೂ ಜಾಗವಿರಲಿಲ್ಲ. ಮೆಕ್ಯಾನಿಕ್ ಅಭ್ಯಾಸವಾದವನಂತೆ ಮೂಟೆಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟ, ಮೆಷಿನ್ನಿನ ಮುಂದೆ ಕೂತ, ಗ್ಯಾಸ್ ಬಿಡತೊಡಗಿದ. ಮೆಷಿನ್ನು ಕುಲುಕಿತು, ನರಳಿತು, ಒಳಗೆ ಏನೋ ದಡ್ ಎಂದಿತು. ಆಮೇಲೆ ಸುಟ್ಟ ವಾಸನೆ. ಅದು ಮತ್ತೆ ಶುರುವಾಗಲಿಲ್ಲ.

ಅಕ್ಕ ಕೋಲ್ಡ್ ರೂಮಿನ ಬಾಗಿಲು ತೆಗೆದರು. ಹುಳಿ ಬೆರೆತ ಸಿಹಿ ವಾಸನೆ ಮುಖಕ್ಕೆ ಹೊಡೆಯಿತು. ಕೇಕಿನ ಮೇಲಂತಸ್ತು ಒಂದು ಬದಿಗೆ ಜಾರಿ ಕೂತಿತ್ತು. ಗುಲಾಬಿಗಳೆಲ್ಲ ಒಂದಕ್ಕೊಂದು ಸೇರಿ ತಟ್ಟೆಯ ತುಂಬ ಬಣ್ಣದ ನೀರಾಗಿದ್ದವು. ಅಕ್ಕ ಹಿಟ್ಟಿನ ಡಬ್ಬದ ಮೇಲೆ ಕೂತು, "ಬಾಗ್ಲು ತೆಗೀಬೇಡ ಅಂದ್ರಲ್ಲಮ್ಮ" ಎಂದರು, ನನ್ನನ್ನಲ್ಲ, ಯಾರನ್ನೋ ಕೇಳುವಂತೆ.

ಹೊರಗೆ ಬಂದು ನೋಡಿದರೆ ಮೆಕ್ಯಾನಿಕ್ ಮೂಟೆಗಳನ್ನು ಮತ್ತೆ ಜಾಲರಿಯ ಮುಂದೆ ಅಚ್ಚುಕಟ್ಟಾಗಿ ಪೇರಿಸುತ್ತಿದ್ದ.

"ಏನ್ ಮಾಡ್ತಿದೀರಾ?"

"ಎಲ್ಲಿತ್ತೋ ಅಲ್ಲೇ ಇಡ್ತಿದೀನಿ ಮೇಡಂ. ಪ್ರತಿ ಸಲ ನಾನೇ ಇಟ್ಟು ಹೋಗೋದು. ಪಾಪ, ಹೆಂಗಸು, ಎತ್ತೋಕಾಗಲ್ಲ."

"ಮೂಟೆ ಅಡ್ಡ ಇದ್ರೆ ಗಾಳಿ ಆಡುತ್ತೇನ್ರಿ?"

"ಎಲ್ಲಾಡುತ್ತೆ? ಅದ್ಕೇ ರೂಮ್ ಬಿಸಿ ಆಗ್ತಿದ್ದಿದ್ದು" ಎಂದ, ಮಗುವಿಗೆ ಪಾಠ ಹೇಳುವವನಂತೆ. "ಗ್ಯಾಸ್ ಬಿಡೋಕೆ ಮೂಟೆ ಸರಿಸ್ದಾಗ ತಣ್ಣಗಾಗೋದು, ಆಮೇಲೆ ಮೂಟೆ ಖರ್ಚಾಗ್ತಾ ಇದ್ರೆ ಹಾಗೇ ಇರೋದು, ಹೊಸ ಲೋಡ್ ಬಂದ್ರೆ ಮತ್ತೆ ಬಿಸಿ. ಮೂಟೆ ಸರಿಸಿದ್ರೆ ಸಾಕಿತ್ತು. ಬೇಡದ ಗ್ಯಾಸ್ ತುಂಬಿ ತುಂಬಿ ಕಂಪ್ರೆಸರ್ ಹೋಯ್ತು."

"ಗೊತ್ತಿದ್ದೂ ಹೇಳ್ಲಿಲ್ವಾ?"

ಜೇಬಿನಿಂದ ಚೀಟಿ ತೆಗೆದು ತೋರಿಸಿದ. "ಗ್ಯಾಸ್ ಅಂತ ಇದೆ ನೋಡಿ. ಮೂಟೆ ಅಂತ ಎಲ್ಲಿದೆ? ಕಸ್ಟಮರ್ ಹತ್ರ ಮಾತಾಡ್ಬಾರ್ದು ಅಂತ ಆರ್ಡರ್ ಬೇರೆ. ನನ್ ಕೆಲ್ಸ ಹೋದ್ರೆ ನೀವ್ ಕೊಡ್ತೀರಾ?"

ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಮೂಟೆ ಹೊರುವಷ್ಟು ಕರುಣೆ ಅವನಲ್ಲಿತ್ತು, ಮೂಟೆ ಎನ್ನುವ ಒಂದು ಪದ ಆಡುವಷ್ಟು ಇರಲಿಲ್ಲ. ಯಂತ್ರ ಇವನನ್ನು ಹಾಳು ಮಾಡಿತೋ, ಇಂಥವರಿದ್ದರೆಂದೇ ಆ ಯಂತ್ರ ಬಂತೋ, ಇವತ್ತಿಗೂ ನನಗೆ ತಿಳಿದಿಲ್ಲ. ತಿಳಿದಿಲ್ಲ ಎಂದು ಹೇಳಲು ನನಗೆ ನಾಚಿಕೆಯೂ ಇಲ್ಲ.

ರಿಸೆಪ್ಷನ್ನಿಗೆ ಬೇರೆ ಯಾರೋ ಕೇಕು ಕೊಟ್ಟರು. ಮಂಟಪದವರು ಅಕ್ಕನ ಕಡೆ ಮತ್ತೆ ತಿರುಗಿ ನೋಡಲಿಲ್ಲ. ವಾರದೊಳಗೆ ಅಣ್ಣಂದಿರು ಬಂದು ಬೀಗದ ಕೈ ತೆಗೆದುಕೊಂಡರು. ಬುದ್ಧನ ಪಟವನ್ನು ಸೀರೆಯಲ್ಲಿ ಸುತ್ತಿ ಎತ್ತಿಕೊಂಡ ಅಕ್ಕ ಫ್ರೇಜರ್ ಟೌನಿನ ಹಳೆಯ ಬೇಕರಿಗೆ, ಅದೇ ಸ್ಟೂಲಿಗೆ, ಬೇರೆಯವರ ಕೇಕಿಗೆ ಗುಲಾಬಿ ಬಿಡಿಸಲು ಹಿಂದಿರುಗಿದರು. ಕೆಳಗೆ ಎಸ್‌ಟಿಡಿ ಬೂತು ಬಂತು. ಆಫೀಸಿನಲ್ಲಿ ಮ್ಯಾನೇಜರಿಗೆ ನಾನು ಮೂಟೆಗಳ ಕತೆಯನ್ನೆಲ್ಲ ಹೇಳಿದೆ. ಅದನ್ನು ಸಿಸ್ಟಮ್ಮಿಗೆ ಹಾಕಲು ಕಾಲಂ ಇಲ್ಲ ಎಂದರು. ಬೇರೆ ಕೆಲಸ ಸಿಗುವ ತನಕ ನಾನು ಅಲ್ಲೇ ಹಲ್ಲು ಕಚ್ಚಿ ಕೂತಿದ್ದೆ.

ಒಂದು ತಿಂಗಳಾದ ಮೇಲೆ ಸಾಹೇಬರು ಖುಷಿಯಿಂದ ಹಾಲಿಗೆ ಬಂದರು. ಅಂದು ಬಂದಿದ್ದ ಅತಿಥಿಗಳಲ್ಲಿ ಒಬ್ಬರು ಸಿಸ್ಟಮ್ಮನ್ನು ತಮ್ಮ ಕಂಪನಿಗೂ ಕೊಂಡಿದ್ದರಂತೆ. ಎಲ್ಲರಿಗೂ ಕೇಕು ಹಂಚಬೇಕು.

"ಆ ಲಿಂಗರಾಜಪುರದ ಲೇಡಿ ಇದಾರಲ್ಲ, ನಮ್ಮ ಕಸ್ಟಮರ್, ಅವ್ರ ಹತ್ರನೇ ತರಿಸು" ಎಂದರು ನನಗೆ. "ಡೆಮೋ ದಿನ ಫೋನ್ ಮಾಡಿದ್ರಲ್ಲ, ಅವ್ರೇ."

"ಅವ್ರ ಅಂಗಡಿ ಮುಚ್ಚಿಹೋಯ್ತು ಸಾರ್. ಅವತ್ತು ಮೆಷಿನ್ ಸುಟ್ಟುಹೋಯ್ತು. ಕೇಕೆಲ್ಲಾ ಹಾಳಾಯ್ತು."

ಸಾಹೇಬರು ಬಗ್ಗಿ ನನ್ನ ತೆರೆಯನ್ನು ನೋಡಿದರು. ಅಕ್ಕನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟರು. ಆ ದಿನದಿಂದ ಈಚೆಗೆ ಅಕ್ಕ ಒಮ್ಮೆಯೂ ಫೋನ್ ಮಾಡಿರಲಿಲ್ಲ.

"ಯಾರ್ ಹೇಳಿದ್ದು ನಿಂಗೆ?" ಎಂದರು. "ನೋಡು, ಗ್ರೀನ್ ಇದೆ."